ಖಾನೇಷುಮಾರಿಗೆ ಕಾಣದ ರೋಗ

ಒಂದು ನಾಡಿನಲ್ಲಿ ಎಷ್ಟು ಜನರಿದ್ದಾರೆಂದು ಎಣಿಸುವುದು ಅರಸರಿಗೆ ಹಳೆಯ ಅಭ್ಯಾಸ; ಅವರಲ್ಲಿ ಎಷ್ಟು ಜನ ಕಾಯಿಲೆಯವರೆಂದು ಎಣಿಸುವುದು ಈಚಿನದು. ನಮ್ಮ ದೇಶದಲ್ಲಿ 1881ರಿಂದ ಹತ್ತು ವರ್ಷಕ್ಕೊಮ್ಮೆ ನಡೆದ ಖಾನೇಷುಮಾರಿಗಳಲ್ಲಿ ಜಾತಿ, ಕಸುಬು, ಭಾಷೆಗಳ ಅಂಕಣಗಳ ಕೊನೆಗೆ ಇನ್ನೊಂದು ಅಂಕಣವಿರುತ್ತಿತ್ತು. ಮನೆಯಲ್ಲಿ ಬುದ್ಧಿ ಕೆಟ್ಟವರು ಇದ್ದಾರೆಯೆ, ಹುಟ್ಟು ಕಿವುಡರೂ ಮೂಗರೂ ಆದವರು ಇದ್ದಾರೆಯೆ, ಎರಡು ಕಣ್ಣೂ ಕಾಣದವರು ಇದ್ದಾರೆಯೆ, ಕುಷ್ಠರೋಗಿಗಳು ಇದ್ದಾರೆಯೆ ಎಂದು ಗಣತಿದಾರನು ಕೇಳಿ ಬರೆದುಕೊಳ್ಳಬೇಕಾಗಿತ್ತು. ಬರಿಯ ತೊನ್ನು ಹತ್ತಿದವರನ್ನು ಕುಷ್ಠದವರ ಲೆಕ್ಕಕ್ಕೆ ಸೇರಿಸಬಾರದೆಂದು ಅವನಿಗೆ ಎಚ್ಚರಿಕೆಯೂ ಇತ್ತು. 1931ರ ಗಣತಿಯವರೆಗೂ ಈ ಅಂಕಣ ಉಳಿದುಬಂದಿತು.

ಇವು ನಾಲ್ಕೇ ಏಕೆ? ಕಾರಣ ಸರಳವಾದುದು. ಗಣತಿದಾರನೆಂದರೆ ಊರಿನ ಶಾನುಭೋಗನೋ ಶಾಲೆಯ ಮೇಷ್ಟರೋ ಆಗಿರುತ್ತಿದ್ದನು. ಲಾಂದ್ರ ಹಿಡಿದು ಜಗಲಿಯ ಮೇಲೆ ನಿಂತವನ ಕಣ್ಣಿಗೆ ಬೀಳಬಹುದಾದ, ನೆರೆಹೊರೆಯವರು ಮುಚ್ಚಲಾರದ ಕೊರತೆಗಳು ಇವು. ಸರಕಾರದ ಪುಸ್ತಕಕ್ಕೆ ಏರಬೇಕಾದರೆ ರೋಗವು ಮೊದಲು ಬಾಗಿಲಿಗೆ ಬಂದು ಮುಖ ತೋರಿಸಬೇಕು. ತೋರಿಸದೆ ಒಳಗೇ ಕುಳಿತ ರೋಗವನ್ನು ಎಣಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಇನ್ನೂರು ವರ್ಷಗಳು ಹಿಡಿದಿವೆ. ಉತ್ತರ ಪೂರ್ತಿ ಸಿಕ್ಕಿದೆಯೆಂದು ಈಗಲೂ ಹೇಳುವಂತಿಲ್ಲ. ಮೂತ್ರಪಿಂಡದ ದೀರ್ಘರೋಗದ ವಿಷಯದಲ್ಲಂತೂ ಹೇಳುವಂತೆಯೇ ಇಲ್ಲ.

ಬೆನ್ನಿನ ಕೆಳಭಾಗದಲ್ಲಿ, ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ, ಮುಷ್ಟಿಗಾತ್ರದ ಎರಡು ಪಿಂಡಗಳಿವೆ. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳು. ದಿನಕ್ಕೆ ಸುಮಾರು 180 ಲೀಟರು ನೀರು ರಕ್ತದಿಂದ ಈ ಜರಡಿಗಳಲ್ಲಿ ಸೋಸಿ, ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಮತ್ತೆ ರಕ್ತಕ್ಕೆ ಸೇರಿ, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬರುತ್ತದೆ. ಜರಡಿಗಳಲ್ಲಿ ಅರ್ಧ ಕೆಟ್ಟರೂ ಉಳಿದರ್ಧ ಬಾಯಿಮುಚ್ಚಿಕೊಂಡು ಇಮ್ಮಡಿ ದುಡಿಯುತ್ತದೆ. ಯಜಮಾನನಿಗೆ ಸುದ್ದಿಯೇ ಇಲ್ಲ. ವೇದನೆ ಎಂಬುದರ ತದ್ಭವ ಬೇನೆ ಎಂದು ನಾವು ತರಗತಿಯಲ್ಲಿ ಪಾಠ ಹೇಳುತ್ತೇವಷ್ಟೆ. ಹಾಗೆ ನೋಡಿದರೆ ಇದನ್ನು ಬೇನೆ ಎನ್ನುವುದೂ ಸಲ್ಲದು, ಏಕೆಂದರೆ ಇದರಲ್ಲಿ ವೇದನೆಯೇ ಇಲ್ಲ. ಜನರು ಆಡುವ ಮಾತು ಬೇರೆ: ‘ಕಿಡ್ನಿ ಫೇಲಾಯಿತು’. ಪರೀಕ್ಷೆಯ ಭಾಷೆ ಹೀಗೆ ರೋಗದ ಭಾಷೆಯಾದುದು ನಮ್ಮಂಥ ಮೇಷ್ಟರಿಗೆ ಸ್ವಲ್ಪ ಮುಜುಗರದ ಸಂಗತಿಯಾದರೂ, ಮಾತೇನೋ ಅರ್ಥವತ್ತಾಗಿದೆ. ಫೇಲಾಗುವವರೆಗೆ ಯಾರೂ ಅಂಕಪಟ್ಟಿಯನ್ನು ನೋಡಿರುವುದಿಲ್ಲ.

ಈ ರೋಗದ ಮುಖವನ್ನು ಹೊರಗೆ ಎಳೆದು ತೋರಿಸಿದ ಮೊದಲ ಉಪಕರಣವೆಂದರೆ ಒಂದು ಚಮಚ ಮತ್ತು ಒಂದು ಮೇಣದ ಬತ್ತಿ. ಲಂಡನ್ನಿನ ಗೈ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್ ಎಂಬಾತನು ಮೈ ಊದಿಕೊಂಡು ಬಂದ ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಾಕಿ ದೀಪದ ಮೇಲೆ ಹಿಡಿಯುತ್ತಿದ್ದನು. ಕೆಲವರ ಮೂತ್ರ ಮೊಟ್ಟೆಯ ಲೋಳೆಯಂತೆ ಬೆಳ್ಳಗೆ ಗರಣೆಕಟ್ಟುತ್ತಿತ್ತು. ಹಾಗೆ ಗರಣೆಕಟ್ಟಿದವರು ಸತ್ತ ಮೇಲೆ ಹೊಟ್ಟೆ ಕುಯ್ದು ನೋಡಿದರೆ ಮೂತ್ರಪಿಂಡಗಳು ಕೆಟ್ಟಿರುತ್ತಿದ್ದುವು. ಮೈಯ ಬಾವು, ಮೂತ್ರದ ಗರಣೆ, ಒಳಗಿನ ಕೆಟ್ಟ ಪಿಂಡ, ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ ಅವನು 1827ರಲ್ಲಿ ಪುಸ್ತಕ ಬರೆದನು. 1836ರಲ್ಲಿ ನೂರು ರೋಗಿಗಳ ವಿವರಗಳನ್ನು ಪಟ್ಟಿ ಮಾಡಿ ಪ್ರಕಟಿಸಿದನು. ಈ ರೋಗದ ಎಣಿಕೆಯ ಚರಿತ್ರೆ ಅಲ್ಲಿಂದ ಶುರುವಾಗುತ್ತದೆ ಎನ್ನಬಹುದು. ಆದರೆ ಅದು ಆಸ್ಪತ್ರೆಯ ಹಾಸಿಗೆಗೆ ಬಂದವರ ಎಣಿಕೆ, ಊರಿನ ಎಣಿಕೆಯಲ್ಲ.

ಮುಂದೆ ಬಹುಕಾಲ ಇದಕ್ಕೆ ‘ಬ್ರೈಟನ ರೋಗ’ವೆಂದೇ ಹೆಸರು. ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಸಾವಿನ ಪುಸ್ತಕಗಳಲ್ಲಿ ಈ ಹೆಸರು ಮೇಲಿಂದ ಮೇಲೆ ಬರುತ್ತದೆ. ಅಮೆರಿಕದ ಕವಿ ಎಮಿಲಿ ಡಿಕಿನ್ಸನ್ 1886ರಲ್ಲಿ ತೀರಿಕೊಂಡಾಗ ವೈದ್ಯರು ಬರೆದ ಕಾರಣವೂ ಇದೇ. ಆಕೆ ಸತ್ತುದು ನಿಜವಾಗಿ ಏರಿದ ರಕ್ತದೊತ್ತಡದಿಂದ ಇರಬೇಕೆಂದು ಈಚಿನ ಕೆಲವು ವಿದ್ವಾಂಸರ ವಾದ. ವೈದ್ಯನು ಏನನ್ನು ಬರೆದನೋ ಅದು ಅಂಕಿಯಾಗುತ್ತದೆ; ಅಂಕಿ ಚರಿತ್ರೆಯಾಗುತ್ತದೆ. ಅದೇ 1886ರಲ್ಲಿ ಜರ್ಮನಿಯ ಕೋನಿಗ್ಸ್‌ಬರ್ಗಿನಲ್ಲಿ ಮ್ಯಾಕ್ಸ್ ಯಾಫೆ ಎಂಬ ವಿದ್ವಾಂಸನು ಕ್ರಿಯಾಟಿನಿನ್ ಎಂಬ ವಸ್ತುವಿಗೆ ಪಿಕ್ರಿಕ್ ಆಮ್ಲವನ್ನು ಸೇರಿಸಿದರೆ ಕೆಂಪುಬಣ್ಣ ಬರುವುದನ್ನು ಕಂಡು ಬರೆದನು. ಮಾಂಸಖಂಡಗಳು ದಿನವೂ ಬಿಡುವ ಕಸವೇ ಈ ಕ್ರಿಯಾಟಿನಿನ್. ಮೂತ್ರಪಿಂಡ ಅದನ್ನು ಗುಡಿಸಿ ಹೊರಹಾಕಬೇಕು. ಗುಡಿಸುವವನು ಸೋತರೆ ಕಸ ರಕ್ತದಲ್ಲಿ ಏರುತ್ತದೆ. ಇಂದು ನಮ್ಮ ತಾಲ್ಲೂಕು ಪೇಟೆಯ ಸಣ್ಣ ಲ್ಯಾಬಿನಲ್ಲಿಯೂ ಮಾಡುವ ಪರೀಕ್ಷೆಯ ಮೂಲ ಆ ಕೆಂಪು ಬಣ್ಣದಲ್ಲಿದೆ.

ಕೋಲು ಸಿಕ್ಕಿತು, ಆದರೆ ಅದು ನೇರವಾದ ಕೋಲಲ್ಲ. ಕಟ್ಟುಮಸ್ತಾದ ಪೈಲ್ವಾನನಿಗೂ ಒಣಗಿದ ಮುದುಕಿಗೂ ಕ್ರಿಯಾಟಿನಿನ್ ಒಂದೇ ಇದ್ದರೆ, ಪೈಲ್ವಾನನ ಮೂತ್ರಪಿಂಡ ಸರಿಯಾಗಿದೆ, ಮುದುಕಿಯದು ಕೆಟ್ಟಿದೆ ಎಂದರ್ಥ. ಆದುದರಿಂದ ವಯಸ್ಸು, ತೂಕ, ಗಂಡು ಹೆಣ್ಣೆಂಬ ಭೇದ ಇವನ್ನೆಲ್ಲ ಕೂಡಿಸಿ ಕಳೆದು, ಮೂತ್ರಪಿಂಡ ನಿಮಿಷಕ್ಕೆ ಎಷ್ಟು ಮಿಲಿಲೀಟರು ಸೋಸುತ್ತಿದೆಯೆಂದು ಊಹಿಸುವ ಸೂತ್ರಗಳು ಹುಟ್ಟಿದುವು. 1976ರಲ್ಲಿ ಕೆನಡಾದ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬಿಬ್ಬರು ಕೊಟ್ಟ ಸೂತ್ರ 249 ರೋಗಿಗಳ ಮೇಲೆ ನಿಂತಿದೆ. ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಗಂಡಸರೇ. ಹೆಂಗಸರಿಗೆ ಶೇಕಡ 15 ಕಡಿಮೆ ಮಾಡಿಕೊಳ್ಳಿರೆಂದು ಒಂದು ಮಾತು ಸೇರಿಸಿದರು. 1999ರಲ್ಲಿ ಅಮೆರಿಕದಲ್ಲಿ ಇನ್ನೊಂದು ಸೂತ್ರ ಬಂದಿತು. ಅದಕ್ಕೆ ಆಧಾರ ಅಲ್ಲಿಯ 1,628 ರೋಗಿಗಳು. ಈ ಎರಡರಲ್ಲಿ ಯಾವುದೂ ಅನ್ನ ಸಾರು ಉಂಡು ಬೆಳೆದ ಮೈಯನ್ನು ಅಳೆದು ಹುಟ್ಟಿದುದಲ್ಲ ಎಂಬುದನ್ನು ಇಲ್ಲಿಯೇ ನೆನಪಿಟ್ಟುಕೊಂಡರೆ ಮುಂದೆ ಅನುಕೂಲ.

2002ರಲ್ಲಿ ಅಮೆರಿಕದ ತಜ್ಞರು ಒಂದು ನಿಯಮ ಮಾಡಿದರು. ಸೋಸುವ ಶಕ್ತಿ ನಿಮಿಷಕ್ಕೆ 60ಕ್ಕಿಂತ ಕೆಳಗೆ ಮೂರು ತಿಂಗಳು ಅಥವಾ ಹೆಚ್ಚು ಕಾಲ ಉಳಿದರೆ ದೀರ್ಘರೋಗ. ಶಕ್ತಿ ಚೆನ್ನಾಗಿದ್ದರೂ ಮೂತ್ರದಲ್ಲಿ ಪ್ರೋಟೀನು ಸೋರುವುದೇ ಮೊದಲಾದ ಹಾನಿಯ ಗುರುತು ಇದ್ದರೆ ಅದೂ ದೀರ್ಘರೋಗ. ಹೀಗೆ ಐದು ಮೆಟ್ಟಿಲುಗಳು. ಐದನೆಯದು ಡಯಾಲಿಸಿಸ್ಸಿನ ಬಾಗಿಲು. ನಮ್ಮ ಪರೀಕ್ಷೆಗಳಲ್ಲಿ 35 ಬಂದರೆ ಪಾಸು ಎನ್ನುತ್ತಿರಲಿಲ್ಲವೆ, ಹಾಗೆ ಇಲ್ಲಿ 60. ಪಾಸಿನ ಅಂಕವನ್ನು ಎಲ್ಲಿ ಇಡುತ್ತೇವೆಂಬುದರ ಮೇಲೆ ತರಗತಿಯಲ್ಲಿ ಎಷ್ಟು ಜನ ಫೇಲಾಗುತ್ತಾರೆಂಬುದು ನಿಂತಿದೆ. ಹುಡುಗರ ಬುದ್ಧಿ ರಾತ್ರೋರಾತ್ರಿ ಬದಲಾಗಬೇಕಾಗಿಲ್ಲ. ಮರುವರ್ಷವೇ, ಅಂದರೆ 2003ರಲ್ಲಿ, ಹಿಂದೆ 1988ರಿಂದ 1994ರವರೆಗೆ ದೇಶದಾದ್ಯಂತ ತೆಗೆದಿಟ್ಟಿದ್ದ ರಕ್ತದ ಲೆಕ್ಕಗಳಿಗೆ ಈ ನಿಯಮ ಹಚ್ಚಿ ನೋಡಿದಾಗ ಅಮೆರಿಕದ ವಯಸ್ಕರಲ್ಲಿ ಶೇಕಡ 11, ಎಂದರೆ 1 ಕೋಟಿ 92 ಲಕ್ಷ ಜನ ರೋಗಿಗಳೆಂದು ಬಂದಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೊದಲ ಎರಡು ಮೆಟ್ಟಿಲಿನವರು. ಇದು ರೋಗದ ಹೆಚ್ಚಳವೋ ಹೆಸರಿನ ಹೆಚ್ಚಳವೋ ಎಂದು ರಿಚರ್ಡ್ ಗ್ಲಾಸಕ್ ಮೊದಲಾದ ಹಿರಿಯ ವೈದ್ಯರೇ ಕೇಳಿದರು. ವಯಸ್ಸಾದಂತೆ ಕಣ್ಣು ಮಂದವಾಗುವ ಹಾಗೆ ಮೂತ್ರಪಿಂಡವೂ ಮಂದವಾಗುತ್ತದೆ. ಎಪ್ಪತ್ತೈದು ದಾಟಿದ ಅಜ್ಜನಿಗೆ 55 ಬಂದರೆ ಅವನನ್ನು ರೋಗಿಯೆನ್ನಬೇಕೆ, ಮುದುಕನೆಂದರೆ ಸಾಲದೆ? ನನಗೆ ಈ ಪ್ರಶ್ನೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ನಿಯಮ ಮಾಡಿದವರ ಪಕ್ಷದಲ್ಲಿಯೂ ಒಂದು ಮಾತು ಹೇಳಬೇಕು: ಮೊದಲ ಮೆಟ್ಟಿಲಿನಲ್ಲಿ ಹಿಡಿದರೆ ಮಾತ್ರೆಯಿಂದ ತಡೆಯಬಹುದು, ಐದನೆಯದರಲ್ಲಿ ಹಿಡಿದರೆ ಯಂತ್ರವೇ ಗತಿ.

ಈ ಯಂತ್ರದ ಕಥೆಯನ್ನು ಸ್ವಲ್ಪ ಹೇಳದೆ ಮುಂದೆ ಹೋಗಲಾಗದು. ಏಕೆಂದರೆ ಅಮೆರಿಕವು ತನ್ನ ಐದನೆಯ ಮೆಟ್ಟಿಲಿನವರನ್ನು ಒಬ್ಬರನ್ನೂ ಬಿಡದಂತೆ ಎಣಿಸತೊಡಗಿದುದು ವಿಜ್ಞಾನದ ಆಸಕ್ತಿಯಿಂದಲ್ಲ, ಬಿಲ್ಲು ಕೊಡಬೇಕಾಗಿ ಬಂದುದರಿಂದ. 1960ರಲ್ಲಿ ಸಿಯಾಟಲಿನ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್ ರೋಗಿಯ ಕೈಯಲ್ಲಿ ಸದಾಕಾಲ ಇರಿಸಬಹುದಾದ ಒಂದು ಕೊಳವೆಯನ್ನು ಮಾಡಿ, ವಾರವಾರವೂ ಯಂತ್ರದಲ್ಲಿ ರಕ್ತ ಸೋಸುವುದನ್ನು ಸಾಧ್ಯವಾಗಿಸಿದನು. ಯಂತ್ರಗಳು ಕೆಲವೇ, ಸಾಯುತ್ತಿದ್ದವರು ಬಹಳ. ಯಾರಿಗೆ ಯಂತ್ರ, ಯಾರಿಗೆ ಮಸಣ ಎಂದು ತೀರ್ಮಾನಿಸಲು ಊರಿನ ಸಾಮಾನ್ಯ ನಾಗರಿಕರದೊಂದು ಸಮಿತಿ ಕುಳಿತಿತು. 1962ರಲ್ಲಿ ಲೈಫ್ ಪತ್ರಿಕೆಯಲ್ಲಿ ಶಾನಾ ಅಲೆಗ್ಸಾಂಡರ್ ಇದನ್ನು ಬರೆದಾಗ ದೇಶ ಬೆಚ್ಚಿತು. 1971ರ ನವೆಂಬರಿನಲ್ಲಿ ಷೆಪ್ ಗ್ಲೇಜರ್ ಎಂಬ ರೋಗಿ ಕಾಂಗ್ರೆಸ್ಸಿನ ಸಮಿತಿಯ ಮುಂದೆಯೇ ಯಂತ್ರಕ್ಕೆ ಕೈಯೊಡ್ಡಿ ಕುಳಿತು ಸಾಕ್ಷಿ ಹೇಳಿದನು. 1972ರ ಅಕ್ಟೋಬರಿನಲ್ಲಿ ಶಾಸನವಾಯಿತು. 1973ರ ಜುಲೈಯಿಂದ ಹೆಚ್ಚುಕಡಿಮೆ ಎಲ್ಲ ರೋಗಿಗಳ ವೆಚ್ಚವೂ ಸರಕಾರದ ಮೇಲೆ ಬಿದ್ದಿತು. ಆಗ ಸುಮಾರು ಹತ್ತು ಸಾವಿರ ರೋಗಿಗಳಿದ್ದರು. ಈಗ ಡಯಾಲಿಸಿಸ್ಸಿನಲ್ಲಿರುವವರೇ ಐದು ಲಕ್ಷ ದಾಟಿದ್ದಾರೆ. ಹಣ ಕೊಡುವವನ ಕೈಯಲ್ಲಿ ಲೇಖಣಿ ತಾನಾಗಿ ಬರುತ್ತದೆ.

ಇನ್ನು ನಮ್ಮ ದೇಶಕ್ಕೆ ಬರೋಣ.

ಭಾರತದಲ್ಲಿ ಮೂತ್ರಪಿಂಡದ ದೀರ್ಘರೋಗ ಎಷ್ಟು ಜನಕ್ಕಿದೆ? ಈ ಪ್ರಶ್ನೆಗೆ ನಾನು ಓದಿದ ಉತ್ತರಗಳನ್ನು ಸಾಲಾಗಿ ಇಟ್ಟರೆ ಓದುಗರಿಗೆ ನಗು ಬರಬಹುದು. 2005ರಲ್ಲಿ ದಿಲ್ಲಿಯ ವೈದ್ಯರು ತಮ್ಮ ನಗರದ 4,972 ವಯಸ್ಕರನ್ನು ಪರೀಕ್ಷಿಸಿ ಶೇಕಡ 0.79 ಎಂದರು. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಹಲವು ನಗರಗಳ 5,588 ಜನರನ್ನು ನೋಡಿ ಶೇಕಡ 17.2 ಎಂದಿತು. ಇಪ್ಪತ್ತು ಪಟ್ಟಿಗೂ ಮಿಕ್ಕ ಅಂತರ! ಎಂಟು ವರ್ಷಗಳಲ್ಲಿ ದೇಶ ಇಷ್ಟು ಹಾಳಾಗಿಬಿಟ್ಟಿತೆ? ಇಲ್ಲ. ದಿಲ್ಲಿಯವರು ರಕ್ತದ ಕ್ರಿಯಾಟಿನಿನ್ 1.8 ಮಿಲಿಗ್ರಾಂ ದಾಟಿ, ಮೂರು ತಿಂಗಳಾದ ಮೇಲೂ ಅಷ್ಟೇ ಉಳಿದವರನ್ನು ಮಾತ್ರ ಲೆಕ್ಕಕ್ಕೆ ಹಿಡಿದರು. ಅಂಥವನ ಮೂತ್ರಪಿಂಡ ಅದಾಗಲೇ ಬಹುಪಾಲು ಸೋತಿರುತ್ತದೆ. ಎರಡನೆಯವರು ಹೊಸ ನಿಯಮದಂತೆ ಮೊದಲ ಮೆಟ್ಟಿಲಿನವರನ್ನೂ ಸೇರಿಸಿದರು. ಶಿಬಿರಗಳಿಗೆ ತಾವಾಗಿ ಬಂದವರನ್ನು ಒಂದೇ ಸಲ ಪರೀಕ್ಷಿಸಿದರು. ಶಿಬಿರಕ್ಕೆ ತಾನಾಗಿ ಬರುವವನು ಎಷ್ಟೋ ಸಲ ಏನೋ ಅನುಮಾನ ಇಟ್ಟುಕೊಂಡೇ ಬಂದಿರುತ್ತಾನೆ. ಆ ಶೇಕಡ 17ರಲ್ಲಿ ಮೂರನೆಯ ಮೆಟ್ಟಿಲಿಗೂ ಅದರಾಚೆಗೂ ಹೋದವರು ಸುಮಾರು 6. ನಿಜವಾಗಿ ಭಯಪಡಬೇಕಾದ ಅಂಕಿ ಅದು. ಊರಿಂದೂರಿಗೆ ಕಂಡ ಅಂತರವಂತೂ ಹಲವು ಪಟ್ಟಿನದು.

ಇದಕ್ಕಿಂತ ಸೋಜಿಗದ ಸಂಗತಿ ನಮ್ಮ ಶಿವಮೊಗ್ಗ ಜಿಲ್ಲೆಯದು. ಅಲ್ಲಿಯ ವೈದ್ಯರು ಹಳ್ಳಿಗಳಿಗೆ ಹೋಗಿ ಎರಡು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಮೆರಿಕದ ಸೂತ್ರದಿಂದ ಲೆಕ್ಕ ಹಾಕಿದರೆ ರೋಗಿಗಳು ನೂರಕ್ಕೆ 6ರಷ್ಟು. ಕೆನಡಾದ ಹಳೆಯ ಸೂತ್ರದಿಂದ, ಮೈಯ ಅಳತೆಗೆ ಸರಿಹೊಂದಿಸಿ, ಲೆಕ್ಕ ಹಾಕಿದರೆ ನೂರಕ್ಕೆ 16ರ ಮೇಲೆ. ಅದೇ ಹಳ್ಳಿ, ಅದೇ ಜನ, ಅದೇ ದಿನ ತೋಳಿನಿಂದ ತೆಗೆದ ಅದೇ ರಕ್ತ. ಬದಲಾದುದು ಕಾಗದದ ಮೇಲಿನ ಗುಣಾಕಾರ ಭಾಗಾಕಾರ ಮಾತ್ರ. ನೂರರಲ್ಲಿ ಹತ್ತು ಮಂದಿ ಒಂದು ಸೂತ್ರದಲ್ಲಿ ಆರೋಗ್ಯವಂತರು, ಇನ್ನೊಂದರಲ್ಲಿ ರೋಗಿಗಳು! ಇದನ್ನು ವೈದ್ಯರ ಕೊರತೆಯೆಂದು ಯಾರೂ ಎಣಿಸಬಾರದು. ಎರಡು ಉತ್ತರಗಳನ್ನೂ ಮುಚ್ಚುಮರೆಯಿಲ್ಲದೆ ಬರೆದಿಟ್ಟುದೇ ಅವರ ಪ್ರಾಮಾಣಿಕತೆ.

ಹಾಗಾದರೆ ನಮ್ಮ ಮೈಗೆ ಒಪ್ಪುವ ಪಾಸಿನ ಅಂಕ ಯಾವುದು? ದಿಲ್ಲಿಯಲ್ಲಿ, ತಮ್ಮವರಿಗೆ ಮೂತ್ರಪಿಂಡ ದಾನ ಮಾಡಲು ಬಂದ ಆರೋಗ್ಯವಂತರ ಸೋಸುವ ಶಕ್ತಿಯನ್ನು ಸೂತ್ರದಿಂದಲ್ಲದೆ ನೇರವಾಗಿ ಅಳೆದು 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಅದರ ಸರಾಸರಿ ಸುಮಾರು 81. ಪಶ್ಚಿಮದ ಪುಸ್ತಕಗಳು ಆರೋಗ್ಯವಂತ ಯುವಕನಿಗೆ ಹೇಳುವುದು 100ಕ್ಕೂ ಮೇಲೆ. ಇಡೀ ತರಗತಿಯ ಸರಾಸರಿಯೇ 81 ಇರುವಲ್ಲಿ 60ರ ಗೆರೆ ಎಷ್ಟು ಹತ್ತಿರವಾಯಿತೆಂಬುದನ್ನು ನೋಡಿ. ಇತ್ತ ನಮ್ಮವರ ಮಾಂಸಖಂಡ ಕಡಿಮೆ, ಊಟದಲ್ಲಿ ಮಾಂಸ ಕಡಿಮೆ. ಆದುದರಿಂದ ರಕ್ತದಲ್ಲಿ ಕ್ರಿಯಾಟಿನಿನ್ನೂ ಕಡಿಮೆ. ಮೂತ್ರಪಿಂಡ ಕೆಟ್ಟಿದ್ದರೂ ಕಸವೇ ಸ್ವಲ್ಪವಾಗಿರುವುದರಿಂದ ಸೂತ್ರವು ಅವನನ್ನು ಪಾಸುಮಾಡಿಬಿಡಬಹುದು. ಒಂದು ಕಡೆ ಇಲ್ಲದ ರೋಗವನ್ನು ಹಚ್ಚುವ ಭಯ, ಇನ್ನೊಂದು ಕಡೆ ಇರುವ ರೋಗವನ್ನು ಬಿಡುವ ಭಯ. ಅಮೆರಿಕದವರಾದರೂ ತಮ್ಮ ಕೋಲನ್ನು 2021ರಲ್ಲಿ ಮತ್ತೊಮ್ಮೆ ಕೆತ್ತಿದರು. ಅದರಲ್ಲಿ ಕರಿಯರಿಗೆ ಬೇರೆ ಗುಣಾಕಾರ ಇದ್ದುದನ್ನು ತೆಗೆದುಹಾಕಿದರು. ಮೈಬಣ್ಣದಿಂದ ಒಬ್ಬನ ಮೂತ್ರಪಿಂಡವನ್ನು ಊಹಿಸುವುದು ಇಷ್ಟು ವರ್ಷ ಹೇಗೆ ನಡೆದುಬಂದಿತೋ!

ಈ ಎಣಿಕೆಗಳಲ್ಲೆಲ್ಲ ನನ್ನ ಮನಸ್ಸನ್ನು ಬಿಡದೆ ಹಿಡಿದಿರುವುದು ಭೋಪಾಲದ್ದು. ಒಂದು ನಾಡಿನಲ್ಲಿ ವರ್ಷಕ್ಕೆ ಎಷ್ಟು ಜನರ ಮೂತ್ರಪಿಂಡ ಪೂರ್ತಿ ಸೋಲುತ್ತದೆಂದು ತಿಳಿಯಬೇಕಾದರೆ ಎರಡು ಬೇಕು. ಒಟ್ಟು ಜನ ಎಷ್ಟೆಂಬುದು ಗೊತ್ತಿರಬೇಕು. ಅವರಲ್ಲಿ ಕಾಯಿಲೆಯಾದವರೆಲ್ಲ ದುಡ್ಡಿನ ಯೋಚನೆ ಇಲ್ಲದೆ ಆಸ್ಪತ್ರೆಗೆ ಬರುವಂತಿರಬೇಕು. ನಮ್ಮಲ್ಲಿ ಅಂಥ ಊರು ಎಲ್ಲಿದೆ? ಒಂದಿತ್ತು. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಹೊರಬಿದ್ದ ವಿಷಾನಿಲಕ್ಕೆ ಸಿಕ್ಕಿ ಬದುಕಿ ಉಳಿದವರ ಹೆಸರುಗಳನ್ನು ಪಟ್ಟಿಮಾಡಿ, ಅವರಿಗಾಗಿ ಒಂದು ಆಸ್ಪತ್ರೆ ಕಟ್ಟಿ, ಪುಕ್ಕಟೆ ಚಿಕಿತ್ಸೆಯ ಹಕ್ಕು ಕೊಟ್ಟಿದ್ದರು. ಆ ಪಟ್ಟಿಯಲ್ಲಿ 5,72,029 ಜನ. ಮೋದಿ ಮತ್ತು ಝಾ ಎಂಬ ಇಬ್ಬರು ವೈದ್ಯರು 2002ರಿಂದ 2005ರವರೆಗೆ ಆ ಜನರಲ್ಲಿ ಮೂತ್ರಪಿಂಡ ಪೂರ್ತಿ ಸೋತವರನ್ನು ಎಣಿಸಿದರು. 346 ಮಂದಿ ಸಿಕ್ಕಿದರು. ವರ್ಷಕ್ಕೆ 10 ಲಕ್ಷಕ್ಕೆ 151. ವಯಸ್ಸಿನ ಹಂಚಿಕೆಯನ್ನು ಸರಿತೂಗಿಸಿದರೆ 232. ಅನಿಲಕ್ಕೂ ಮೂತ್ರಪಿಂಡಕ್ಕೂ ನಂಟು ಹುಡುಕಹೊರಟ ಅಧ್ಯಯನವಲ್ಲ ಇದು. ಈ ರೋಗಿಗಳಲ್ಲಿ ನೂರಕ್ಕೆ 44 ಮಂದಿಗೆ ಮೂಲ ಸಕ್ಕರೆ ಕಾಯಿಲೆ. 2006ರಲ್ಲಿ ಪ್ರಕಟವಾದ ಈ ಲೆಕ್ಕವನ್ನು ಅಂದಿನ 110 ಕೋಟಿ ಜನಸಂಖ್ಯೆಗೆ ಹಿಗ್ಗಿಸಿದರೆ ವರ್ಷಕ್ಕೆ ಒಂದೂಮುಕ್ಕಾಲು ಲಕ್ಷದಿಂದ ಎರಡೂವರೆ ಲಕ್ಷದವರೆಗೆ ಬರುತ್ತದೆ. 2016ರ ಫೆಬ್ರವರಿಯಲ್ಲಿ ಅರ್ಥಸಚಿವ ಅರುಣ್ ಜೇಟ್ಲಿಯವರು ಮುಂಗಡಪತ್ರದ ಭಾಷಣದಲ್ಲಿ, ದೇಶದಲ್ಲಿ ವರ್ಷಕ್ಕೆ 2.2 ಲಕ್ಷ ಹೊಸ ರೋಗಿಗಳು ಸೇರುತ್ತಾರೆ, ಅವರಿಗೆ 3.4 ಕೋಟಿ ಸಲ ಡಯಾಲಿಸಿಸ್ ಬೇಕಾಗುತ್ತದೆ ಎಂದು ಹೇಳಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಒದಗಿಸುವ ರಾಷ್ಟ್ರೀಯ ಕಾರ್ಯಕ್ರಮವನ್ನು ಸಾರಿದರು. ಸಚಿವರ ಅಂಕಿ ಭೋಪಾಲದ ಅಂಕಿಗಳ ನಡುವೆಯೇ ಬೀಳುತ್ತದೆ. ಅಮೆರಿಕದಲ್ಲಿ ಶಾಸನ ಬಂದುದರಿಂದ ಲೆಕ್ಕ ಸಿಕ್ಕಿತು. ನಮ್ಮಲ್ಲಿ ಲೆಕ್ಕ ಸಿಗಬೇಕಾದರೆ ಒಂದು ಊರು ವಿಷ ಕುಡಿಯಬೇಕಾಯಿತು.

ಭೋಪಾಲದ ಪಟ್ಟಿಯಲ್ಲಿ ಹೆಸರಿಲ್ಲದವರು ಏನಾಗುತ್ತಾರೆ? ನನ್ನ ಸೋದರಮಾವ ಅರಸೀಕೆರೆಯ ಕಡೆಯ ಒಂದು ಹಳ್ಳಿಯಲ್ಲಿ ತೆಂಗಿನ ತೋಟ ಇಟ್ಟುಕೊಂಡಿದ್ದರು. 1996ರ ಬೇಸಗೆಯಲ್ಲಿ ಅವರಿಗೆ ಊಟ ಸೇರದಾಯಿತು, ಮೈಯೆಲ್ಲ ತುರಿಕೆ, ಸಂಜೆಯ ಹೊತ್ತಿಗೆ ಕಾಲು ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ. ಕಾಮಾಲೆಯೆಂದು ಒಬ್ಬರು, ಪಿತ್ತವೆಂದು ಒಬ್ಬರು ಔಷಧಿ ಕೊಟ್ಟರು. ಕೊನೆಯ ವಾರ ಬಿಕ್ಕಳಿಕೆ ನಿಲ್ಲಲೇ ಇಲ್ಲ. ಆಷಾಢದಲ್ಲಿ ತೀರಿಕೊಂಡರು. ಹನ್ನೆರಡನೆಯ ದಿನ ಕಳೆದ ಮೇಲೆ ಸಾವನ್ನು ದಾಖಲೆ ಮಾಡಿಸಲು ಅತ್ತೆಯ ಜೊತೆಗೆ ನಾನೂ ಹೋಗಿದ್ದೆ. ‘ಏನಾಗಿತ್ತಮ್ಮಾ?’ ಎಂದು ಗ್ರಾಮಲೆಕ್ಕಿಗರು ಕೇಳಿದರು. ‘ಮೈಗೆ ನೀರು ತುಂಬಿಕೊಂಡಿತ್ತು ಸ್ವಾಮಿ, ಉಸಿರು ಕಟ್ಟಿಹೋಯಿತು’ ಎಂದಳು ಅತ್ತೆ. ಅವರು ಒಂದು ಗಳಿಗೆ ಲೇಖಣಿ ಹಿಡಿದು ಕುಳಿತು, ‘ಹಾರ್ಟು ಅಂತ ಬರಕೊಳ್ಳಲೇ?’ ಎಂದರು. ಅತ್ತೆ ತಲೆಯಾಡಿಸಿದಳು. ಅವರಿಗಾದರೂ ಬೇರೆ ಏನು ಬರೆಯಲು ಸಾಧ್ಯವಿತ್ತು? ಮಾವನ ರಕ್ತವನ್ನು ಯಾರೂ ಪರೀಕ್ಷಿಸಿರಲಿಲ್ಲ. ಚಮಚದಲ್ಲಿ ಹಿಡಿದು ನೋಡುವ ಬ್ರೈಟನೂ ಅಲ್ಲಿರಲಿಲ್ಲ.

ಇಂಥ ಸಾವುಗಳ ಹಿಂದೆ ಹೋಗಿ ಕಾರಣ ಹುಡುಕಲು ನಮ್ಮ ದೇಶದಲ್ಲಿ ಒಂದು ದೊಡ್ಡ ಪ್ರಯತ್ನ ನಡೆದಿದೆ. ಹತ್ತು ಲಕ್ಷ ಸಾವುಗಳ ಅಧ್ಯಯನವೆಂದು ಅದಕ್ಕೆ ಹೆಸರು. ಪ್ರಭಾತ್ ಝಾ ಎಂಬವರು ಮುಂದಾಳು, ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿಯ ಸಹಕಾರ. ತರಬೇತಿ ಪಡೆದವರು ಸತ್ತವರ ಮನೆಗೆ ಹೋಗಿ, ಕಾಲು ಬಾತಿತ್ತೆ, ಮೂತ್ರ ಕಡಿಮೆಯಾಗಿತ್ತೆ, ಬಿಕ್ಕಳಿಕೆ ಇತ್ತೆ ಎಂಬಂಥ ಪ್ರಶ್ನೆ ಕೇಳಿ, ಮನೆಯವರು ಹೇಳಿದುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳುತ್ತಾರೆ. ಆ ಬರಹವನ್ನು ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದಿ ಕಾರಣ ತೀರ್ಮಾನಿಸುತ್ತಾರೆ. ಹೆಣದ ಪರೀಕ್ಷೆಯಲ್ಲ, ಮಾತಿನ ಪರೀಕ್ಷೆ. ಗದ್ಯಭಾಗ ಕೊಟ್ಟು ತಾತ್ಪರ್ಯ ಬರೆಯಿರಿ ಎನ್ನುವ ನನ್ನ ಕಸುಬಿಗೆ ಇದು ಎಷ್ಟು ಹತ್ತಿರವಾದುದೆಂದು ಓದಿದಾಗ ಅನ್ನಿಸಿತು. ಅದರ ಫಲ 2017ರಲ್ಲಿ ಪ್ರಕಟವಾಯಿತು: 2010ರಿಂದ 2013ರ ಅವಧಿಯಲ್ಲಿ 15ರಿಂದ 69 ವಯಸ್ಸಿನವರ ಸಾವುಗಳಲ್ಲಿ ಶೇಕಡ 2.9 ಮೂತ್ರಪಿಂಡ ಸೋತುದರಿಂದ ಆದವು. ವರ್ಷಕ್ಕೆ ಸುಮಾರು 1 ಲಕ್ಷದ 36 ಸಾವಿರ. ಹತ್ತು ವರ್ಷ ಹಿಂದಿನದಕ್ಕಿಂತ ಅರ್ಧದಷ್ಟು ಹೆಚ್ಚು. ಸೂತ್ರಗಳ ಜಗಳ ಇಲ್ಲಿ ಇಲ್ಲ. ಸತ್ತವನಿಗೆ ಮೊದಲ ಮೆಟ್ಟಿಲು, ಎರಡನೆಯ ಮೆಟ್ಟಿಲು ಎಂದೇನೂ ಇರುವುದಿಲ್ಲ.

ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಎಂಬ ಕರಾವಳಿಯ ಸೀಮೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ತೆಂಗು, ಗೋಡಂಬಿ ಬೆಳೆಯುವ ಹಸಿರು ನಾಡು. ಅಲ್ಲಿ ಸಕ್ಕರೆ ಕಾಯಿಲೆಯಿಲ್ಲದ, ರಕ್ತದೊತ್ತಡವಿಲ್ಲದ ರೈತಾಪಿ ಜನರ ಮೂತ್ರಪಿಂಡಗಳು ಸೋಲುತ್ತಿವೆ. 2019ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಕಂಡುದು ನೂರಕ್ಕೆ 18. ನೀರೋ, ಬಿಸಿಲಿನ ದುಡಿಮೆಯೋ, ಔಷಧಿಯೋ, ನೆಲದ ಲೋಹವೋ ಎಂದು ವಾದಗಳು ನಡೆದಿವೆ. ಕಾರಣ ಮಾತ್ರ ಇನ್ನೂ ಗೊತ್ತುಪಟ್ಟಿಲ್ಲ. ದೇಶದ ಸರಾಸರಿಯೆಂಬ ಒಂದೇ ಅಂಕಿಯೊಳಗೆ ಇಂಥದೊಂದು ಸೀಮೆ ಮುಳುಗಿಹೋಗುತ್ತದೆ.

ಸರಾಸರಿಯಲ್ಲಿ ಮುಳುಗುವವರು ಇನ್ನೂ ಇದ್ದಾರೆ. ನಮ್ಮ ಮೂತ್ರಪಿಂಡ ತಜ್ಞರ ಸಂಘವು 2005ರಲ್ಲಿ ಆಸ್ಪತ್ರೆಗಳಿಂದ ರೋಗಿಗಳ ವಿವರ ಕೂಡಿಹಾಕುವ ದಫ್ತರವನ್ನು ತೆರೆಯಿತು. 2012ರ ವರದಿಯಲ್ಲಿ 52,273 ರೋಗಿಗಳು. ಅವರಲ್ಲಿ ಸಕ್ಕರೆ ಕಾಯಿಲೆಯಿಂದ ಬಂದವರು ಶೇಕಡ 31. ಕಾರಣ ತಿಳಿಯದವರು ಶೇಕಡ 16. ಹೆಚ್ಚುಕಡಿಮೆ ಅರ್ಧದಷ್ಟು ಜನ ಮೊದಲ ಸಲ ತಜ್ಞರ ಮುಂದೆ ಬಂದಾಗಲೇ ಐದನೆಯ ಮೆಟ್ಟಿಲಿನಲ್ಲಿದ್ದರು. ಮತ್ತೊಂದು ಅಂಕಿಯನ್ನು ನಾನು ಎರಡು ಮೂರು ಸಲ ಓದಿದೆ: ನೂರರಲ್ಲಿ 70 ಮಂದಿ ಗಂಡಸರು. ಜಗತ್ತಿನಾದ್ಯಂತದ ಲೆಕ್ಕ ನೋಡಿದರೆ ಈ ರೋಗ ಗಂಡಸರಿಗಿಂತ ಹೆಂಗಸರಲ್ಲಿಯೇ ಸ್ವಲ್ಪ ಹೆಚ್ಚು. ಹಾಗಾದರೆ ನಮ್ಮ ದಫ್ತರದಲ್ಲಿ ಇಲ್ಲದ ಆ ಹೆಂಗಸರು ಎಲ್ಲಿ ಹೋದರು? ಅಡುಗೆಮನೆಯಲ್ಲಿದ್ದಾರೆ, ಕಾಲು ಬಾತುದನ್ನು ನಿಂತು ನಿಂತು ಬಾತಿತೆಂದುಕೊಂಡಿದ್ದಾರೆ. ಅಂಗಾಂಗ ಕಸಿಯ ರಾಷ್ಟ್ರೀಯ ಸಂಸ್ಥೆಯ ಲೆಕ್ಕದಂತೆ 1995ರಿಂದ 2021ರವರೆಗೆ ದೇಶದಲ್ಲಿ ಆದ 36,640 ಕಸಿಗಳಲ್ಲಿ ಗಂಡಸರಿಗೆ ಸಿಕ್ಕಿದುವು 29,695, ಹೆಂಗಸರಿಗೆ 6,945. ಬದುಕಿದ್ದಾಗಲೇ ಅಂಗ ಕೊಟ್ಟವರಲ್ಲಿ ಹೆಚ್ಚಿನವರು ಮಾತ್ರ ಹೆಂಗಸರೇ. ಕೊಡುವವರ ಪಟ್ಟಿಯಲ್ಲಿ ಅವರ ಹೆಸರು ಮೊದಲು, ಪಡೆಯುವವರ ಪಟ್ಟಿಯಲ್ಲಿ ಕೊನೆಗೆ.

2020ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಜಾಗತಿಕ ಲೆಕ್ಕದಲ್ಲಿ 2017ರ ಭಾರತಕ್ಕೆ ಹಾಕಿದ ಸಂಖ್ಯೆ ಸುಮಾರು 11 ಕೋಟಿ 50 ಲಕ್ಷ. ಚೀನಕ್ಕೆ 13 ಕೋಟಿ 20 ಲಕ್ಷ. ಜಗತ್ತಿಗೆಲ್ಲ ಸುಮಾರು 70 ಕೋಟಿ. ಈ 11 ಕೋಟಿಯಲ್ಲಿ ಬಹುಭಾಗ ಮನೆಮನೆಗೆ ಹೋಗಿ ಎಣಿಸಿದುದಲ್ಲ, ಸಿಕ್ಕಷ್ಟು ಸಮೀಕ್ಷೆಗಳಿಂದ ಗಣಿತದಲ್ಲಿ ಹಿಗ್ಗಿಸಿದುದು. ಹಾಗೆಂದು ಅದನ್ನು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಒಂದು ತಾಲ್ಲೂಕಿಗೆ ಎಷ್ಟು ಡಯಾಲಿಸಿಸ್ ಯಂತ್ರ ಬೇಕು ಎಂದು ನಿರ್ಧರಿಸುವ ಅಧಿಕಾರಿಯ ಕೈಯಲ್ಲಿ ಕೊನೆಗೆ ಇರುವುದು ಇಂಥ ಒಂದು ಅಂಕಿಯೇ. ಅಂಕಿ ಸಣ್ಣದಾದರೆ ಯಂತ್ರದ ಮುಂದಿನ ಸಾಲು ಉದ್ದವಾಗುತ್ತದೆ; ಆ ಸಾಲಿನಲ್ಲಿ ನಿಂತವರು ಲೆಕ್ಕ ತಿದ್ದುವವರೆಗೆ ಕಾಯಲಾರರು.

ಎಣಿಸುವುದನ್ನೂ ಉಳಿಸುವುದನ್ನೂ ಒಂದೇ ಕೆಲಸವಾಗಿ ಮಾಡಿದವರು ಮದರಾಸಿನ ಡಾಕ್ಟರು ಎಂ. ಕೆ. ಮಣಿಯವರು. ಕಳೆದ ಶತಮಾನದ ಕೊನೆಯಲ್ಲಿ ಅವರು ಮದರಾಸಿನ ಹೊರಗೆ ಸುಮಾರು 25,000 ಜನರಿದ್ದ ಹಳ್ಳಿಗಳನ್ನು ಆರಿಸಿಕೊಂಡರು. ಹಳ್ಳಿಯಲ್ಲಿಯೇ ಓದಿದ ಹುಡುಗಿಯರಿಗೆ ರಕ್ತದೊತ್ತಡ ನೋಡುವುದನ್ನೂ ಮೂತ್ರ ಪರೀಕ್ಷಿಸುವುದನ್ನೂ ಕಲಿಸಿ ಮನೆಮನೆಗೆ ಕಳುಹಿಸಿದರು. ರೋಗ ಕಂಡವರಿಗೆ ಕೊಡಲು ಅವರು ಆರಿಸಿದುದು ಬಹಳ ಅಗ್ಗದ, ಹಳೆಯ ಮಾತ್ರೆಗಳನ್ನು. ಒತ್ತಡಕ್ಕೆ ರಿಸರ್ಪಿನ್, ಸಕ್ಕರೆಗೆ ಗ್ಲಿಬೆನ್‌ಕ್ಲಮೈಡ್ ಮತ್ತು ಮೆಟ್‌ಫಾರ್ಮಿನ್. ಮೂತ್ರದ ಪರೀಕ್ಷೆಯಾದರೂ ಬ್ರೈಟನ ಚಮಚದ ಮೊಮ್ಮಗಳೇ ಸರಿ. ದೀಪದ ಬದಲು ಒಂದು ಆಮ್ಲದ ಕೆಲವು ತೊಟ್ಟು. ಪ್ರೋಟೀನು ಇದ್ದರೆ ಗಾಜಿನ ನಳಿಗೆಯಲ್ಲಿ ಬೆಳ್ಳಗೆ ಮೋಡ ಕಟ್ಟುತ್ತದೆ. ಹುಡುಗಿ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, ಮನೆಯವರ ಹೆಸರಿನ ಮುಂದೆ ಗುರುತು ಹಾಕಿಕೊಂಡು, ಪಕ್ಕದ ಮನೆಗೆ ಹೋಗುತ್ತಿದ್ದಳು.